ಬೀಗ ಬೀಳುವ ಮುಂಚಿನ ಹನ್ನೊಂದು ನಿಮಿಷ

"ಓಪನ್ ಆಗ್ತಿಲ್ಲ, ಮೇಷ್ಟ್ರೇ."

"ಇನ್ನೊಂದ್ ಸಲ ಒತ್ತು."

"ಆರು ಸಲ ಒತ್ತಿದ್ದಾಯ್ತು. ಅನುಮತಿ ಇಲ್ಲ ಅಂತ ಮುಖಕ್ಕೆ ಹೊಡ್ದಂಗೆ ಹೇಳ್ತಿದೆ."

ಕ್ಯಾಪ್ಟನ್ ಹೆಡ್ವಿಕಾ ರಾಕೊವ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ನನ್ನ ಕಡೆ ತಿರುಗಿದಳು. ಹದಿನೆಂಟು ವರ್ಷದ ಹಿಂದೆ ಇದೇ ಬ್ರನೋ ನಗರದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನನ್ನ ತರಗತಿಯ ಮೊದಲ ಬೆಂಚಿನಲ್ಲಿ ಕೂರುತ್ತಿದ್ದವಳು. ನಾನು ಹಲಗೆಯ ಮೇಲೆ ತಪ್ಪು ಬರೆದರೆ ಆಗಲೂ ಹೀಗೇ ನೋಡುತ್ತಿದ್ದಳು. ಈಗ ಅವಳ ಸೊಂಟದಲ್ಲಿ ಪಿಸ್ತೂಲಿದೆ, ಅಷ್ಟೇ ವ್ಯತ್ಯಾಸ.

ನಿನ್ನೆ ಫೋನಿನಲ್ಲಿ ನಾನು ಕೊಚ್ಚಿಕೊಂಡಿದ್ದು ಸ್ವಲ್ಪವಲ್ಲ. "ನಾಳೆ ಮಧ್ಯಾಹ್ನ ಬಾ, ಬೀಗ ಹಾಕಿದ ಕಡತವನ್ನು ನಿನ್ನ ಕಣ್ಣೆದುರಿಗೇ ಒಂದು ನಿಮಿಷದಲ್ಲಿ ತೆರೆದು ತೋರಿಸ್ತೀನಿ" ಎಂದಿದ್ದೆ. ನ್ಯಾಯಾಲಯದ ತಜ್ಞ ಒತಾಕರ್ ಸ್ಕೊಪಾಲ್ ಎಂದರೆ ಸುಮ್ಮನೆಯೇ! ಮನೆಯ ಯಂತ್ರದಲ್ಲಿ ಹತ್ತು ಸಲ ಮಾಡಿ ನೋಡಿದ್ದೆ, ಹತ್ತೂ ಸಲ ತೆರೆದಿತ್ತು. ಇಲ್ಲಿ, ಎಲ್ಲಿ ತೆರೆಯಲೇಬೇಕಿತ್ತೋ ಅಲ್ಲಿ, ಕಲ್ಲಿನ ಹಾಗೆ ಕೂತಿತ್ತು.

ತೆರೆಯದಿದ್ದರೆ ಏನಾಗುತ್ತದೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಹೊಡೆದು ಬಡಿಯುವ ಗಂಡ ಲುಬೊಶ್ ಕೈಗೆ ಸಿಗದಂತೆ ಬಚ್ಚಿಟ್ಟಿದ್ದ ವೆಂದುಲ ಎಂಬ ಹೆಂಗಸಿನ ವಿಳಾಸ ಸೋರಿದ್ದು, ಇಂಥವರನ್ನು ಕಾಯಬೇಕಾದ ಈ ರಕ್ಷಣಾ ಕಚೇರಿಯಿಂದಲೇ. ಕಡತ ತೆರೆಯುವ ಹಕ್ಕಿದ್ದ ಒಬ್ಬನೇ ನೌಕರ, ಯಂತ್ರಗಳನ್ನು ನೋಡಿಕೊಳ್ಳುವ ರಾದಿಮ್, ಹದಿನಾರು ದಿನದಿಂದ ಜೈಲಿನಲ್ಲಿದ್ದಾನೆ.

ಕಳ್ಳ ಸಿಕ್ಕ ಎಂದು ಎಲ್ಲರೂ ನೆಮ್ಮದಿಯಾಗಿದ್ದಾರೆ. ಆ ನೆಮ್ಮದಿಯಲ್ಲೇ ವೆಂದುಲಳ ಹೊಸ ವಿಳಾಸವನ್ನೂ ತಂದು ಇದೇ ಯಂತ್ರದಲ್ಲಿಟ್ಟಿದ್ದಾರೆ. ರಾದಿಮ್ ಕಳ್ಳನಾಗಿದ್ದರೆ ಆಕೆ ಕ್ಷೇಮ. ಅಲ್ಲದಿದ್ದರೆ ಕಳ್ಳ ಹೊರಗಿದ್ದಾನೆ, ಆಕೆಯನ್ನು ಇವತ್ತೇ ಬೇರೆ ಕಡೆಗೆ ಸಾಗಿಸಬೇಕು. ಹಾಗೆ ಸಾಗಿಸಲು ಹೆಡ್ವಿಕಾಳ ಮೇಲಧಿಕಾರಿ ಒಪ್ಪಬೇಕಾದರೆ ರುಜುವಾತು ಬೇಕು. ಆ ರುಜುವಾತು ಈಗ ತಾನೇ ಆರು ಸಲ ನಮ್ಮ ಮುಖಕ್ಕೆ ಬಾಗಿಲು ಹಾಕಿತ್ತು.

"ಇನ್ನೊಂದ್ ಸಲ ಹೇಳಿ ಮೇಷ್ಟ್ರೇ. ಪೊಲೀಸರಿಗೆ ಅರ್ಥ ಆಗೋ ಹಾಗೆ" ಎಂದಳು ಹೆಡ್ವಿಕಾ.

"ಕಾಪಿ ಕಮಾಂಡ್ ಕೊಟ್ರೆ ಮೊದಲು ಒಂದು ಖಾಲಿ ಕಡತ ಹುಟ್ಟುತ್ತೆ. ಆಮೇಲೆ ಅದರೊಳಕ್ಕೆ ಪುಟಗಳನ್ನ ಸುರೀತಾ ಹೋಗುತ್ತೆ. ಎಲ್ಲಾ ತುಂಬಿದ ಮೇಲೆ, ಕಟ್ಟಕಡೇಗೆ, ಮೂಲ ಕಡತಕ್ಕಿದ್ದ ಬೀಗಾನ ಇದಕ್ಕೂ ಹಾಕುತ್ತೆ."

"ತುಂಬೋವರ್ಗೂ?"

"ಬೀಗ ಇಲ್ಲ. ಆ ಯಂತ್ರದೊಳಗೆ ಕಾಲಿಡೋಕೆ ಹಕ್ಕಿರೋ ಯಾರು ಬೇಕಾದ್ರೂ ಓದಬಹುದು."

"ಕೋಟೆ ಕೊಳ್ಳೆ ಹೋದ್ಮೇಲೆ ದಿಡ್ಡಿ ಬಾಗಿಲು ಹಾಕ್ದಂಗಾಯ್ತು."

"ಅದೇ. ಆ ಕಮಾಂಡ್ ಬರೆದವನಿಗೆ ಅದು ಕಣ್ಣು ಮಿಟುಕಿಸೋ ಅಷ್ಟು ಹೊತ್ತು. ಅಷ್ಟರಲ್ಲಿ ಯಾರು ಏನು ಓದ್ತಾರೆ ಅಂತ ಬಿಟ್ಟಿದ್ದಾನೆ. ಈ ಕಚೇರಿಯಲ್ಲಿ ಮಾತ್ರ ಅದು ಹನ್ನೊಂದು ನಿಮಿಷ."

ಹನ್ನೊಂದು ನಿಮಿಷಕ್ಕೆ ಕಾರಣ ನಮ್ಮ ದುಂಡು ಮೊಹರು. ನಮ್ಮ ದೇಶದಲ್ಲಿ ಮನುಷ್ಯನ ಮಾತಿಗೆ ಬೆಲೆಯಿಲ್ಲ, ಸಹಿಗೆ ಅರ್ಧ ಬೆಲೆ, ದುಂಡು ಮೊಹರಿಗೆ ಪೂರ್ತಿ ಬೆಲೆ. ಕಾಗದವನ್ನು ಯಂತ್ರಕ್ಕೆ ಏರಿಸುವಾಗ ಮೊಹರಿನ ಬಣ್ಣ, ಅಂಚು, ಒಳಗಿನ ಸಿಂಹದ ಬಾಲ ಎಲ್ಲ ಸ್ಪಷ್ಟ ಕಾಣಬೇಕೆಂದು ಮೇಲಿನಿಂದ ಆದೇಶ ಬಂದಿದೆ. ಹಾಗಾಗಿ ಒಂದೊಂದು ಪುಟವನ್ನೂ ಗೋಡೆಗೆ ತೂಗುಹಾಕುವ ಚಿತ್ರದಷ್ಟು ದೊಡ್ಡದಾಗಿ ಸ್ಕ್ಯಾನ್ ಮಾಡುತ್ತಾರೆ. ಒಬ್ಬ ಹೆಂಗಸಿನ ಕಡತ ಒಂದು ಕೋಣೆಯಷ್ಟು ಜಾಗ ತಿನ್ನುತ್ತದೆ. ನಕಲಿಗಿರುವ ಹಳೇ ಯಂತ್ರ ಅದನ್ನು ನುಂಗಲು ಹನ್ನೊಂದು ನಿಮಿಷ ತೇಕುತ್ತದೆ.

"ಹಂಗಾದ್ರೆ ಈಗ ನಕಲು ನಡೀತಿದ್ರೂ ಇಲ್ಲಿ ಯಾಕ್ ಓಪನ್ ಆಗ್ತಿಲ್ಲ?"

ಕಮಾಂಡ್ ಯಾವ ಆವೃತ್ತಿಯದು ಎಂದು ಕೇಳಿ ನೋಡಿದೆ. ಯಂತ್ರ ಉತ್ತರ ಕೊಟ್ಟಿತು.

"ರಿಪೇರಿ ಆಗಿದೆ" ಎಂದೆ. "ನಿನ್ನೆ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ. ಮೊದಲು ಬೀಗ, ಆಮೇಲೆ ಪುಟ. ಎರಡು ಸಾಲು ಹಿಂದೆ ಮುಂದೆ ಮಾಡಿದಾರೆ, ಅಷ್ಟೇ. ನೋಡು, ಎಷ್ಟು ಚೆನ್ನಾಗ್ ಮಾಡಿದಾರೆ."

"ಯಾರು ಮಾಡ್ಸಿದ್ದು?"

ನಾನು ಎದ್ದು ನಿಂತೆ. ನಿನ್ನೆ ಮಧ್ಯಾಹ್ನ ಮೂರಕ್ಕೆ, ಹೆಡ್ವಿಕಾಗೆ ಹೇಳುವುದಕ್ಕೂ ಮುಂಚೆ, ಇನ್ನೊಬ್ಬರಿಗೆ ಫೋನ್ ಮಾಡಿ ಯಂತ್ರ ನೋಡಲು ಸಮಯ ಕೇಳಿದ್ದೆ. ಕೇಳಿ ಸುಮ್ಮನಿರಬಾರದಿತ್ತೇ? "ನಿಮ್ಮ ಕಾಪಿ ಕಮಾಂಡಿನಲ್ಲಿ ತೂತಿದೆ" ಎಂದೂ ಹೇಳಿದ್ದೆ. ಅರವತ್ತಮೂರು ವರ್ಷವಾದರೂ ನಾಲಗೆಗೆ ಲಗಾಮಿಲ್ಲ.

---

ರಕ್ಷಣಾ ಕಚೇರಿಯ ಡೈರೆಕ್ಟರ್ ದ್ರಾಹೊಮೀರ ಮಲೀನೋವ ಒಳಗೆ ಹಾಕುವ ಚಪ್ಪಲಿ ಬಿಚ್ಚಿ ಕಾಡಿನ ಬೂಟು ಏರಿಸುತ್ತಿದ್ದರು. ಮೇಜಿನ ಮೇಲೆ ಅಣಬೆ ಬುಟ್ಟಿ, ಅದರಲ್ಲಿ ಒಂದು ಸಣ್ಣ ಚಾಕು, ಬೆಣ್ಣೆ ಸವರಿದ ರೊಟ್ಟಿಯ ಪೊಟ್ಟಣ. ಸೋಮವಾರ ಸಂತ ವಾತ್ಸ್ಲಾವರ ರಜೆ. ಶುಕ್ರವಾರ ಎರಡು ಗಂಟೆಗೆ ಹೊರಟರೆ ಹಳ್ಳಿಮನೆಯಲ್ಲಿ ಮೂರು ದಿನ ಪೂರ್ತಿ ಸಿಗುತ್ತದೆ. ಕೆಳಗೆ ರಸ್ತೆಯಲ್ಲಿ ಅವರ ಯಜಮಾನರು ಆಗಲೇ ಎರಡು ಸಲ ಹಾರ್ನ್ ಹೊಡೆದಿದ್ದರು.

"ಐದೇ ನಿಮಿಷ, ಡೈರೆಕ್ಟರ್ ಮೇಡಂ" ಎಂದೆ.

"ಇಂಜಿನಿಯರ್ ಸಾಹೇಬ್ರೇ, ನಿಮ್ಮ ಐದು ನಿಮಿಷ ನಂಗ್ ಗೊತ್ತು. ಮಂಗಳವಾರ ಬನ್ನಿ."

"ನಿನ್ನೆ ಕಾಪಿ ಕಮಾಂಡ್ ರಿಪೇರಿ ಮಾಡ್ಸಿದ್ದು ನೀವಾ?"

"ಹೌದು. ತೂತಿದೆ ಅಂದ್ರಿ, ಮುಚ್ಚಿಸ್ದೆ." ಬೂಟಿನ ದಾರ ಎಳೆದು ಬಿಗಿದರು. "ಈಗ ಮುಚ್ಚಿದ್ದೂ ತಪ್ಪಾ?"

"ತೂತು ಇತ್ತು ಅಂತ ತೋರಿಸೋದಕ್ಕೆ ತೂತೇ ಇಲ್ವಲ್ಲ!"

"ಮತ್ತೇನ್ ಮಾಡ್ಬೇಕಿತ್ತು? ಕಳ್ಳ ಬರ್ಲಿ ಅಂತ ರಂಗೋಲಿ ಹಾಕಿ ಕೂರ್ಬೇಕಿತ್ತಾ?"

ಅವರ ಮಾತಿನಲ್ಲಿ ನ್ಯಾಯವಿತ್ತು. ಅದೇ ನನ್ನನ್ನು ಉರಿಸಿದ್ದು. ಕಂಡ ತೂತನ್ನು ಮುಚ್ಚಬೇಡಿ ಎಂದು ಯಾವ ಬಾಯಿಂದ ಹೇಳಲಿ?

ಹೆಡ್ವಿಕಾ ಬಾಗಿಲಿಗೆ ಒರಗಿ ನಿಂತಳು. ಹೋಗುವ ದಾರಿ ಮುಚ್ಚಿತು.

"ಒಂದ್ ಸಣ್ಣ ಅನುಮಾನ ಮೇಡಂ" ಎಂದಳು ಮೆಲ್ಲಗೆ. "ಮೇಷ್ಟ್ರು ನಿಮಗೆ ಫೋನ್ ಮಾಡಿದ್ದು ಮೂರು ಗಂಟೆಗೆ. ತೂತಿದೆ ಅಂದ್ರು, ಎಂಥಾ ತೂತು ಅಂತ ಹೇಳ್ಲಿಲ್ಲ. ಐದೂ ಹತ್ತಕ್ಕೆ ಅದಕ್ಕೆ ಸರಿಯಾದ ರಿಪೇರೀನೇ ಆಗಿದೆ. ಎರಡು ಗಂಟೆಯಲ್ಲಿ, ರಾದಿಮ್ ಬದಲಿಗೆ ಯಂತ್ರ ನೋಡ್ಕೊಳ್ಳೋ ಹೊರಗಿನ ಕಂಟ್ರಾಕ್ಟರ್‌ಗೆ ಇಂಥದ್ದೇ ಬೇಕು ಅಂತ ಹೇಳೋಕೆ ನಿಮಗ್ ಹೇಗ್ ಗೊತ್ತಾಯ್ತು?"

ದಾರ ಕಟ್ಟುತ್ತಿದ್ದ ಕೈ ನಿಂತಿತು.

"ಮೊದ್ಲೇ ಗೊತ್ತಿತ್ತು" ಎಂದೆ ನಾನು. "ಯಾವಾಗಿಂದ?"

ಹೊರಗೆ ಮೂರನೇ ಹಾರ್ನ್. ಮಲೀನೋವ ಎದ್ದರು. ಬೀರು ತೆಗೆದು ಹಸಿರು ಫೈಲೊಂದನ್ನು ಎಳೆದು ಮೇಜಿನ ಮೇಲಿಟ್ಟರು. ಇಟ್ಟ ರೀತಿಯಲ್ಲೇ ಗೊತ್ತಾಯಿತು, ಆ ಫೈಲನ್ನು ಇವತ್ತು ಬೆಳಿಗ್ಗೆಯಿಂದ ಅವರು ಎಷ್ಟೋ ಸಲ ತೆಗೆದು ನೋಡಿದ್ದಾರೆ.

ಮೇಲಿನ ಕಾಗದದ ತಾರೀಖು ಮಾರ್ಚ್ ಹನ್ನೊಂದು. ಕೆಳಗೆ ರಾದಿಮ್‌ನ ಸಹಿ. "ಕಾಪಿ ಕಮಾಂಡಿನಲ್ಲಿ ದೋಷ ಕಂಡುಬಂದಿದೆ. ನಕಲು ನಡೆಯುತ್ತಿರುವಾಗ ಗುಪ್ತ ಕಡತಗಳನ್ನು ಇತರರು ಓದಬಹುದು. ತಯಾರಕರು ತಿದ್ದುಪಡಿ ಕಳುಹಿಸಿದ್ದಾರೆ. ಅಳವಡಿಸಲು ಒಪ್ಪಿಗೆ ಕೋರುತ್ತೇನೆ."

ಅದರ ಮೇಲೆ ಓರೆಯಾಗಿ ನೀಲಿ ಮೊಹರು: "ತಿಳಿದುಕೊಳ್ಳಲಾಗಿದೆ."

"ಇದರರ್ಥ ಏನು?" ಹೆಡ್ವಿಕಾ ಕೇಳಿದಳು. "ಹೂಂ ಅಂತಾನಾ, ಊಹೂಂ ಅಂತಾನಾ?"

"ಎರಡೂ ಅಲ್ಲ" ಎಂದರು ಮಲೀನೋವ. ಧ್ವನಿ ಇಳಿದಿತ್ತು. "ಒಪ್ಪಿಗೆ ಅಂತ ಮೊಹರು ಹಾಕಿ ಯಂತ್ರ ಕೆಟ್ರೆ ನನ್ನ ತಲೆಗೆ. ಬೇಡ ಅಂತ ಹಾಕಿ ಏನಾದ್ರೂ ಆದ್ರೆ ಅದೂ ನನ್ನ ತಲೆಗೆ. ತಿಳಿದುಕೊಂಡೆ ಅಂದ್ರೆ ಯಾರ ತಲೆಗೂ ಇಲ್ಲ. ಮೂವತ್ತೊಂದು ವರ್ಷ ಸರ್ವಿಸ್ ನಂದು, ಹೀಗೇ ನಡೆಸಿದೀನಿ. ಎಲ್ರೂ ಹೀಗೇ ನಡೆಸ್ತಾರೆ."

"ರಾದಿಮ್ ಮತ್ತೆ ಕೇಳ್ಲಿಲ್ವಾ?"

"ಮೂರು ಸಲ ಕೇಳಿದ. ಮೂರು ಸಲಾನೂ ಮೊಹರು ಹಾಕ್ದೆ."

ಹಾಳೆ ಮಗುಚಿದೆ. ಹೌದು, ಮೂರಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಜ್ವರ ಬಂದಿದೆ ಎಂದು ಮೂರು ಸಲ ಕೂಗಿ ಹೇಳಿದವನನ್ನೇ ಎಳೆದುಕೊಂಡು ಹೋಗಿ ಬರೆ ಹಾಕಿದ್ದೆವು. ಅವನ ಬಂಧನದ ಕಾಗದಕ್ಕೆ ಸಹಿ ಹಾಕಿದವಳು ಬಾಗಿಲಲ್ಲೇ ನಿಂತಿದ್ದಳು. ಅವಳು ನೆಲ ನೋಡುತ್ತಿದ್ದಳು.

"ಇದನ್ನ ಹದಿನಾರು ದಿನ ಬೀರುವಿನಲ್ಲಿಟ್ಕೊಂಡು ಕೂತಿದ್ರಲ್ಲ ಮೇಡಂ!"

"ನಂಗ್ ರಿಟೈರ್ ಆಗೋಕೆ ಹದಿನಾಲ್ಕು ತಿಂಗಳಿದೆ, ಇಂಜಿನಿಯರ್ ಸಾಹೇಬ್ರೇ." ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ರಾದಿಮ್ ಹೇಗೂ ಬಿಡುಗಡೆ ಆಗ್ತಾನೆ, ತಪ್ಪು ಮಾಡಿಲ್ವಲ್ಲ ಅಂದ್ಕೊಂಡೆ. ನಮ್ಮಂಥವರು ಹೀಗೇ ಅಂದ್ಕೋತೀವಿ."

ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಇಪ್ಪತ್ತು ವರ್ಷ ಪಾಠ ಮಾಡಿದ ವಿಭಾಗದಲ್ಲಿ ನಾನೂ ಅಂಥ ಮೊಹರು ಒತ್ತಿದ್ದೇನೆ. ಮೇಜಿನ ಖಾನೆಯಲ್ಲಿ ಅದು ಎಲ್ಲರಿಗೂ ಕೈಗೆ ಸಿಗುವ ಜಾಗದಲ್ಲೇ ಇರುತ್ತದೆ.

"ಇದು ಸಾಲದು" ಎಂದಳು ಹೆಡ್ವಿಕಾ. "ತೂತಿರೋದು ರಾದಿಮ್‌ಗೆ ಗೊತ್ತಿತ್ತು ಅಂತಾನೇ ಸರ್ಕಾರಿ ವಕೀಲರು ಇದನ್ನ ತಿರುಗಿಸ್ತಾರೆ. ಬೇರೆಯವ್ರು ನುಗ್ಗಿದ್ರು ಅಂತ ತೋರಿಸ್ಬೇಕು. ಮೇಡಂ, ಆ ಯಂತ್ರದೊಳಗೆ ಯಾರ್ಯಾರು ಬರ್ಬಹುದು?"

"ನಮ್ಮ ಹದಿನಾಲ್ಕು ಜನ." ಮೂಗೊರೆಸಿಕೊಂಡು ಯೋಚಿಸಿದರು. "ಮತ್ತೆ ಊಟದ ಖಾತೆ."

"ಯಾವ್ದದು?"

"ಮುಂದಿನ ವಾರ ಕ್ಯಾಂಟೀನಲ್ಲಿ ಯಾರಿಗೆ ಯಾವ ಊಟ ಅಂತ ಬರೆಯೋಕೆ. ಮಂಗಳವಾರ ಸಾಸಿವೆ ಸೂಪು ಬೇಕಾ, ಬೇಳೆ ಸೂಪು ಬೇಕಾ ಅಂತ. ಎಲ್ರಿಗೂ ಒಂದೇ ಖಾತೆ. ರಜದಲ್ಲಿರೋರು ಮನೆಯಿಂದ್ಲೂ ಬರೀತಾರೆ."

"ಪಾಸ್‌ವರ್ಡ್?"

ಮಲೀನೋವರ ಕಣ್ಣು ಅಡುಗೆಕೋಣೆಯ ಕಡೆ ಹೋಯಿತು.

ಹೋಗಿ ನೋಡಿದೆ. ಫ್ರಿಜ್‌ನ ಬಾಗಿಲಿನ ಮೇಲೆ, ಯಾರದೋ ಮಗಳ ಮದುವೆಯ ಫೋಟೋ ಪಕ್ಕದಲ್ಲಿ, ಪಾಸ್‌ವರ್ಡನ್ನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದರು. ಕೆಳಗೊಂದು ಸಾಲು: "ದಯವಿಟ್ಟು ಯಾರೂ ಬದಲಾಯಿಸಬೇಡಿ, ಹಿಂದಿನ ಸಲ ಎಲ್ಲರೂ ಹಸಿದಿದ್ದೆವು." ಈ ಅಡುಗೆಕೋಣೆಗೆ ಕಾಫಿಗೆಂದು ಬಂದ ವಕೀಲರು, ಜೆರಾಕ್ಸ್ ರಿಪೇರಿಯವರು, ಪತ್ರ ತಂದವರು, ಕಾವಲಿನವರು, ಎಲ್ಲರೂ ಹಾಲು ತೆಗೆಯುವಾಗ ಅದನ್ನು ಓದಿದ್ದಾರೆ. ನಾನೂ ಎರಡು ಸಲ ಹಾಲು ತೆಗೆದಿದ್ದೆ. ಓದಿ ನಕ್ಕಿದ್ದೆ. ಪತ್ತೇದಾರನಂತೆ, ಪತ್ತೇದಾರ!

---

ಊಟದ ಖಾತೆಯ ಒಳಗೆ ಹೋದೆವು. ಆ ಯಂತ್ರ ಒಂದು ಕೆಲಸ ಮಾತ್ರ ತಪ್ಪದೆ ಮಾಡುತ್ತಿತ್ತು. ಯಾರು ಏನು ಟೈಪ್ ಮಾಡಿದರೂ ಸಾಲಾಗಿ, ಗಂಟೆ ನಿಮಿಷದೊಂದಿಗೆ ಬರೆದಿಡುತ್ತಿತ್ತು. ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದೆ. ಸೂಪು, ಸೂಪು, ಹಿಟ್ಟಿನ ಕಡುಬು, ಹಂದಿಮಾಂಸ, ಸೂಪು.

ಸೆಪ್ಟೆಂಬರ್ ನಾಲ್ಕು, ಶುಕ್ರವಾರ, ಮಧ್ಯಾಹ್ನ ಒಂದೂ ಎಂಟು. ಕಡತ ನಲವತ್ತೊಂದನ್ನು ಎತ್ತಿಕೊಂಡು ಹೊರಗೆ ಕಳಿಸಿದ ಸಾಲು.

"ನಲವತ್ತೊಂದು ವೆಂದುಲ" ಎಂದಳು ಹೆಡ್ವಿಕಾ. ಆಕೆಯ ಉಗುರು ಪರದೆಯನ್ನು ಮುಟ್ಟಿತು. "ಪ್ರತಿ ಶುಕ್ರವಾರ ಒಂದು ಗಂಟೆಗೆ ರಾದಿಮ್ ನಕಲು ಶುರು ಮಾಡ್ತಿದ್ದ. ಮೂರು ದಿನ ಆದ್ಮೇಲೆ ಲುಬೊಶ್ ಅವಳ ಮನೆ ಬಾಗಿಲಲ್ಲಿದ್ದ. ಸಿಕ್ತು ಮೇಷ್ಟ್ರೇ, ಸಿಕ್ತು!"

"ಯಾರು ಸಿಕ್ಕಿದ್ದು? ಊಟದ ಖಾತೆ. ಅದು ರಾದಿಮ್‌ಗೂ ಗೊತ್ತಿತ್ತು ಅಂತಾರೆ."

"ಇರ್ಲಿ, ಕೆಳಗ್ ನೋಡಿ."

ನೋಡಿದೆ. ನೋಡಬಾರದಿತ್ತು ಎನಿಸಿತು.

ಸೆಪ್ಟೆಂಬರ್ ಇಪ್ಪತ್ತಮೂರು, ಬುಧವಾರ, ಬೆಳಿಗ್ಗೆ ಹತ್ತೂ ನಲವತ್ತೇಳು. ಮತ್ತೆ ಕಡತ ನಲವತ್ತೊಂದು. ಮತ್ತೆ ಹೊರಗೆ.

"ಮೊನ್ನೆ!" ಹೆಡ್ವಿಕಾ ಎದ್ದೇಬಿಟ್ಟಳು. "ಮೊನ್ನೆ ರಾದಿಮ್ ಒಳಗಿದ್ದ. ಅವನಲ್ಲ. ದೇವರಾಣೆಗೂ ಅವನಲ್ಲ! ಆದ್ರೆ..." ಅವಳು ಮತ್ತೆ ಪರದೆಗೆ ಬಗ್ಗಿದಳು. "ಹೊಸ ವಿಳಾಸ ಆ ಕಡತಕ್ಕೆ ಬಂದಿದ್ದು ಹದಿನೆಂಟಕ್ಕೆ. ಅವನು ಹೋದ್ಮೇಲೆ ವಾರದ ನಕಲು ನಿಂತೇ ಹೋಗಿದೆ. ನಕಲು ಇಲ್ದೆ ಬಾಗಿಲು ತೆರೆಯಲ್ಲ ಅಂದ್ರಲ್ಲ. ಬುಧವಾರ ನಕಲು ಮಾಡಿದ್ದು ಯಾರು?"

ನಾನು ಹತ್ತೂ ನಲವತ್ತೇಳರ ಸಾಲನ್ನು ಮತ್ತೊಮ್ಮೆ ಓದಿದೆ.

"ಮೇಷ್ಟ್ರೇ?"

"ನಾನು."

ತನಿಖೆಗೆ ಒಂದು ನಕಲು ಬೇಕೆಂದು ಬುಧವಾರ ಬೆಳಿಗ್ಗೆ ನನ್ನ ದುಂಡು ಮೊಹರು ಒತ್ತಿದ ಪತ್ರ ತಂದುಕೊಟ್ಟವನು ನಾನು. ಹತ್ತೂ ನಲವತ್ತೊಂದಕ್ಕೆ ಶುರುವಾಯಿತು, ಹತ್ತೂ ಐವತ್ತೆರಡಕ್ಕೆ ಮುಗಿಯಿತು. ಕೆಲಸ ಮುಗಿಯುವವರೆಗೆ ಅಡುಗೆಕೋಣೆಯಲ್ಲಿ ಗಸಿ ತುಂಬಿದ ಕಾಫಿ ಕುಡಿಯುತ್ತಾ ಹವಾಮಾನ ಚೆನ್ನಾಗಿದೆ ಎಂದು ಮಾತಾಡಿದ್ದೆ. ಕಳ್ಳನನ್ನು ಹುಡುಕಲು ಬಂದವನೇ ಕಳ್ಳನಿಗೆ ಬಾಗಿಲು ತೆರೆದಿಟ್ಟಿದ್ದೆ. ತೂತು ನನಗೆ ಗೊತ್ತಾಗಿದ್ದು ಮಾರನೇ ದಿನ.

ಹೆಡ್ವಿಕಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಎರಡು ದಿನ ಆಗಿದೆ" ಎಂದಳು. "ಅವಳಿಗೆ ಫೋನ್ ಇಲ್ಲ. ನಾವೇ ಕಿತ್ಕೊಂಡಿದೀವಿ, ಸುಳಿವು ಸಿಗಬಾರ್ದು ಅಂತ. ಎಲ್ಲಿದಾಳೆ ಅಂತ ನಂಗೊತ್ತಿಲ್ಲ. ಹೇಳ್ಬೇಡಿ ಅಂತ ನಾನೇ ಹೇಳಿದ್ದೆ."

"ನಂಗೂ ಕಡತದ ನಂಬರ್ ಮಾತ್ರ ಗೊತ್ತು" ಎಂದರು ಬಾಗಿಲಲ್ಲಿದ್ದ ಮಲೀನೋವ. ಬುಟ್ಟಿ ಹಿಡಿದೇ ಬಂದಿದ್ದರು, ಇಡುವುದನ್ನು ಮರೆತಿದ್ದರು. "ವಿಳಾಸದ ಕಾಗದ ಪ್ರಾಗ್‌ನಿಂದ ಬಂದ ಅಧಿಕಾರಿಯೇ ಸ್ಕ್ಯಾನ್ ಮಾಡಿ ಹೋದ್ರು. ಅವರೊಬ್ರಿಗೇ ಗೊತ್ತು."

ಪ್ರಾಗ್‌ನ ಅಧಿಕಾರಿಗೆ ಫೋನ್ ಮಾಡಿದೆವು. ಸಂಗೀತ ಕೇಳಿಸಿತು. ಆಮೇಲೆ ರೆಕಾರ್ಡಿನಲ್ಲಿ ಒಬ್ಬ ಹೆಂಗಸು ಸಿಹಿಯಾಗಿ, ಹಬ್ಬದ ರಜೆಯ ಪ್ರಯುಕ್ತ ಮಂಗಳವಾರ ಎಂಟು ಗಂಟೆಯ ನಂತರ ಸಂಪರ್ಕಿಸಿ ಎಂದಳು. ಅಧಿಕಾರಿಯ ಸ್ವಂತ ಫೋನ್ ಬಂದ್ ಆಗಿತ್ತು. ಆ ಅಧಿಕಾರಿಯೂ ಎಲ್ಲೋ ಕಾಡಿನಲ್ಲಿ ಬಗ್ಗಿಕೊಂಡು ಅಣಬೆ ಹುಡುಕುತ್ತಿರಬೇಕು. ಹೆಡ್ವಿಕಾಳ ಮೇಲಧಿಕಾರಿ ಫೋನ್ ಎತ್ತಿದರು, ಎಲ್ಲ ಕೇಳಿಸಿಕೊಂಡರು, "ಬರೆದು ಕಳಿಸಿ" ಎಂದರು.

"ಯಂತ್ರದಲ್ಲಿರೋ ಕಡತ ತೆರೆಯೋಕಾಗಲ್ವಾ?" ಹೆಡ್ವಿಕಾ ಕೇಳಿದಳು.

"ರಾದಿಮ್‌ನ ಹೆಸರಿಗೆ ಮಾತ್ರ ತೆರೆಯುತ್ತೆ. ಆ ಹೆಸರನ್ನ ರದ್ದು ಮಾಡ್ಸಿದ್ದು ನೀನು. ನನ್ನ ತಾತ್ಕಾಲಿಕ ಖಾತೆಗೆ ನಕಲು ಶುರು ಮಾಡೋ ಹಕ್ಕಿದೆ, ಓದೋ ಹಕ್ಕಿಲ್ಲ. ಯಂತ್ರದ ಒಡೆತನ ಈಗ ಕಂಟ್ರಾಕ್ಟರ್ ಹತ್ರ ಇದೆ."

"ಅವ್ನು ಬೆಳಿಗ್ಗೇನೇ ಕ್ರೊಯೇಷಿಯಾಗೆ ಹೊರಟ, ಸಮುದ್ರಕ್ಕೆ" ಎಂದರು ಮಲೀನೋವ.

ಮೊನ್ನೆಯವರೆಗೆ ಸೂಪು ಬರೆಯುವ ಖಾತೆಗೆಲ್ಲ ತೆರೆದುಕೊಳ್ಳುತ್ತಿದ್ದ ಕಡತ ಈಗ ಅವಳನ್ನು ಕಾಪಾಡಬೇಕಾದ ಮೂವರಿಗೂ ಮುಚ್ಚಿತ್ತು. ರಿಪೇರಿ ಅಷ್ಟು ಚೆನ್ನಾಗಿ ಆಗಿತ್ತು.

ಆಗ ನನ್ನ ಚೀಲ ನೆನಪಾಯಿತು.

ಬುಧವಾರದ ನಕಲು ಅದರಲ್ಲೇ ಇತ್ತು. ಒಂದು ಡಿಸ್ಕ್, ಕಂದು ಲಕೋಟೆಯಲ್ಲಿ, ಅರಗಿನ ಮುದ್ರೆ, ಅದರ ಮೇಲೆ ಹೆಡ್ವಿಕಾಳ ಸಹಿ, ನನ್ನ ಸಹಿ. ನ್ಯಾಯಾಧೀಶರ ಅನುಮತಿ ಬರುವವರೆಗೆ ತೆರೆಯುವುದಿಲ್ಲವೆಂದು ನಾನು ಕೈಯೆತ್ತಿ ಪ್ರಮಾಣ ಮಾಡಿದ್ದೆ. ಅದನ್ನು ಮೇಜಿನ ಮೇಲಿಟ್ಟೆ. ನನ್ನ ಲ್ಯಾಪ್‌ಟಾಪಿನಲ್ಲಿ ನಾನೇ ಧಣಿ, ಅಲ್ಲಿ ಆ ಬೀಗಕ್ಕೆ ಕಿಮ್ಮತ್ತಿಲ್ಲ.

"ಬೇಡ ಮೇಷ್ಟ್ರೇ." ಹೆಡ್ವಿಕಾ ನನ್ನ ಕೈ ಹಿಡಿದಳು. "ಹತ್ತೂ ನಲವತ್ತೊಂದರಿಂದ ಐವತ್ತೆರಡರವರೆಗೆ ನಕಲು ನಡೀತು ಅನ್ನೋಕೆ ಇದೊಂದೇ ಸಾಕ್ಷಿ. ಮೂಲ ಯಂತ್ರಾನ ಕಂಟ್ರಾಕ್ಟರ್ ಮುಟ್ಟಿದಾನೆ, ಅದು ಹೋಯ್ತು. ಈ ಮುದ್ರೆ ಒಡೆದ್ರೆ ಕೋರ್ಟಲ್ಲಿ ಇದೂ ಕಸ. ರಾದಿಮ್ ಹೊರಗ್ ಬರಲ್ಲ."

"ಗೊತ್ತು."

"ನಿಮ್ಮ ತಜ್ಞನ ಪದವೀನೂ ಹೋಗುತ್ತೆ."

"ಅದು ಹೋದ್ರೆ ಊರಿಗೇ ಒಳ್ಳೇದು."

ಅವಳು ನಗಲಿಲ್ಲ. ನನಗೂ ನಗು ಬರಲಿಲ್ಲ. ಜೈಲಿನಲ್ಲಿ ರಾದಿಮ್‌ನನ್ನು ಒಮ್ಮೆ ನೋಡಿದ್ದೆ. "ಸಾರ್, ನಾನು ಬರ್ದುಕೊಟ್ಟಿದ್ದೆ, ಹುಡುಕಿ" ಎಂದಷ್ಟೇ ಹೇಳಿದ್ದ. ಏನು ಬರೆದುಕೊಟ್ಟಿದ್ದ ಎಂದು ಆಗ ನಾನು ಕೇಳಿರಲಿಲ್ಲ. ಅವನೊಬ್ಬ ಒಂದು ಕಡೆ, ಗುರುತು ಪರಿಚಯವಿಲ್ಲದ ಹೆಂಗಸು ಇನ್ನೊಂದು ಕಡೆ. ಅವನಿಗೆ ಇಲ್ಲಿ ಸುಲಭವಾಗಿ ಸಿಕ್ಕುವುದು ವರ್ಷಗಟ್ಟಲೆ ಜೈಲು. ಆಕೆಗೆ ಗಂಡ ಸಿಕ್ಕಿದರೆ ಏನಾಗುತ್ತದೆ ಎಂಬುದರ ಫೋಟೋಗಳನ್ನು ಹೆಡ್ವಿಕಾ ನನಗೆ ತೋರಿಸಿದ್ದಳು.

"ಕೈ ಬಿಡು, ಹೆಡ್ವಿಕಾ."

ಬಿಟ್ಟಳು. ಅರಗು ಮುರಿಯಿತು.

ಕಡತ ತೆರೆಯಲು ಏಳು ನಿಮಿಷ ಹಿಡಿಯಿತು. ಮೊಹರಿನ ಸಿಂಹ ಇಂಚಿಂಚಾಗಿ ಪರದೆಯ ಮೇಲೆ ಇಳಿದು ಬರುತ್ತಿತ್ತು, ಮೊದಲು ಕಿರೀಟ, ಆಮೇಲೆ ನಾಲಗೆ. ನಾವು ಮೂವರೂ ಪರದೆಯ ಮುಂದೆ ನಿಂತಿದ್ದೆವು. ಕೆಳಗೆ ಯಜಮಾನರು ಹಾರ್ನ್ ಹೊಡೆಯುವುದನ್ನು ನಿಲ್ಲಿಸಿದ್ದರು. ಕೊನೆಗೆ ವಿಳಾಸ ಬಂತು: ಯೆಸೆನಿಕ್ ಬೆಟ್ಟದ ಕಡೆಯ ಬ್ರೆಜೋವ್ಕ ಎಂಬ ಹಳ್ಳಿ, ಮನೆ ನಂಬರು ಹದಿನೇಳು. ಅದರ ಕೆಳಗೆ ಆಕೆಯನ್ನು ಕರೆದೊಯ್ಯಲು ಬರುವವರು ಹೇಳಬೇಕಾದ ಗುರುತಿನ ಮಾತು. ಅದರ ಕೆಳಗೆ, ಪ್ರಕರಣ ನೋಡಿಕೊಳ್ಳುವ ಅಧಿಕಾರಿ: ಕ್ಯಾಪ್ಟನ್ ಹೆಡ್ವಿಕಾ ರಾಕೊವ.

ಆ ಹಳ್ಳಿಗೆ ಒಂದು ಠಾಣೆ, ಒಬ್ಬ ಪೊಲೀಸಿನವ. ಹೆಡ್ವಿಕಾ ನಂಬರು ಒತ್ತಿ ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಎರಡನೇ ರಿಂಗಿಗೇ ಎತ್ತಿದರು. ವಯಸ್ಸಾದ ದನಿ, ಬಾಯಲ್ಲಿ ಏನೋ ಅಗಿಯುತ್ತಿದ್ದ ಸದ್ದು.

"ಬ್ರನೋ ಪೊಲೀಸ್. ನಿಮ್ಮೂರಲ್ಲಿ ಹದಿನೇಳನೇ ನಂಬರ್ ಮನೇಲಿ ಒಬ್ಬ ಹೆಂಗಸಿದಾಳೆ. ಈಗ್ಲೇ ಹೋಗಿ ಅವಳನ್ನ ಠಾಣೆಗೆ ಕರ್ಕೊಂಡ್ ಬಂದು ಒಳಗಿಂದ ಚಿಲಕ ಹಾಕ್ಕೊಳ್ಳಿ. ಗಂಡನಿಗೆ ಜಾಗ ಗೊತ್ತಾಗಿದೆ."

ಅಗಿಯುವುದು ನಿಂತಿತು. "ಯಾರಮ್ಮ ಮಾತಾಡ್ತಿರೋದು?"

"ಕ್ಯಾಪ್ಟನ್ ಹೆಡ್ವಿಕಾ ರಾಕೊವ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಕ್ಯಾಪ್ಟನ್ ರಾಕೊವ ಬೆಳಿಗ್ಗೆ ಒಂಬತ್ತಕ್ಕೇ ಬಂದು ಹೋದ್ರು" ಎಂದ ಮುದುಕ. "ಇದೇ ಮೇಜಿನ ಮುಂದೆ ಕೂತು ನನ್ನ ಜೊತೆ ಕಾಫಿ ಕುಡಿದ್ರು. ಗುರುತಿನ ಮಾತು ಹೇಳಿದ್ರು. ಆ ಹುಡುಗಿ ಪಾಪ ಅಳ್ತಾ, ಥ್ಯಾಂಕ್ಸ್ ಹೇಳ್ತಾ ಕಾರು ಹತ್ತಿದ್ಲು."

"ಯಾವ ಕಾರು? ಯಾವ ಕಡೆ ಹೋದ್ರು? ರೀ, ನಿಜವಾದ ರಾಕೊವ ನಾನು!"

"ಹಿಂಗೇ ಹೇಳ್ತೀರಿ ಅಂದಿದ್ರು ಅವ್ರು. ಗಂಡನ ಕಡೆಯವ್ರು ನನ್ನ ಹೆಸರು ಹೇಳ್ಕೊಂಡೇ ಫೋನ್ ಮಾಡ್ತಾರೆ, ಒಂದ್ ಅಕ್ಷರ ಬಾಯಿ ಬಿಡಬೇಡಿ ಅಂದಿದ್ರು. ನಾಚಿಕೆ ಆಗ್ಬೇಕು ನಿಮಗೆ."

ಫೋನ್ ಇಟ್ಟ. ಹೆಡ್ವಿಕಾ ಮತ್ತೆ ಒತ್ತಿದಳು, ಮತ್ತೆ ಮತ್ತೆ ಒತ್ತಿದಳು. ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡುತ್ತಿದ್ದ ಆ ಮುದುಕ ಎತ್ತಲಿಲ್ಲ.